ನೋವು ಹೋಯಿತೆಂದರೆ ಚೂರೂ ಹೋಯಿತೆಂದಲ್ಲ

ಹಿಂದಿನ ಸಂಚಿಕೆಯಲ್ಲಿ ಕಣ್ಣಿಗೆ ಕಸ ಬೀಳುವ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಪುಟವನ್ನೆಲ್ಲ ನುಂಗಿವೆ. ಪೊರೆ, ಮಧುಮೇಹ, ಮಕ್ಕಳ ಕನ್ನಡಕದ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳ್ಮೆಯಿಂದಿರಿ. ಎಂದಿನಂತೆ ಹೆಸರು, ಊರು ತೆಗೆದು, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ. ಮೊದಲನೆಯ ಪತ್ರದವರಿಗೆ ಮಾತ್ರ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಫೋನ್ ಮಾಡಿಸಿದೆ.

ಪ್ರಶ್ನೆ: ನಾನು ಫಿಟ್ಟರ್. ನಾಲ್ಕು ತಿಂಗಳ ಹಿಂದೆ ತುಕ್ಕು ಹಿಡಿದ ಬೋಲ್ಟ್ ಬಿಡಿಸಲು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದಾಗ ಬಲಗಣ್ಣಿಗೆ ಏನೋ ಚುರ್ ಎಂದಿತು. ಕನ್ನಡಿಯಲ್ಲಿ ನೋಡಿದೆ, ಏನೂ ಕಾಣಲಿಲ್ಲ. ಎರಡು ದಿನ ಕೆಂಪಗಿತ್ತು. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕಿದೆ, ಇಳಿಯಿತು. ಈಗ ಕತ್ತಲಾದ ಮೇಲೆ ಆ ಕಣ್ಣಲ್ಲಿ ಮಸುಕು. ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ನೋವು ಸ್ವಲ್ಪವೂ ಇಲ್ಲ. ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಕನ್ನಡಕದ ಅಂಗಡಿಗೆ ಹೋಗಬೇಡಿ. ರೆಟಿನಾ ತಜ್ಞರಿರುವ ಕಣ್ಣಿನ ಆಸ್ಪತ್ರೆಗೆ ಹೋಗಿ, ನನಗೆ ಬರೆದ ಈ ಕಥೆಯನ್ನೇ ಅಲ್ಲಿಯೂ ಒಂದಕ್ಷರ ಬಿಡದೆ ಹೇಳಿ. ಉಳಿ, ಸುತ್ತಿಗೆ ಎಂಬ ಎರಡು ಮಾತು ಮರೆಯಬೇಡಿ. ‘ಏನೋ ಬಿತ್ತು’ ಎಂದಷ್ಟೇ ಹೇಳಿದರೆ ಹೊರಗಿನಿಂದ ನೋಡಿ ಕಳಿಸಿಬಿಡುವ ಸಾಧ್ಯತೆ ಉಂಟು.

ಕಾರಣ ಹೇಳುತ್ತೇನೆ. ಲೋಹಕ್ಕೆ ಲೋಹ ಬಡಿದಾಗ ಸಿಡಿಯುವ ಚೂರು ಬಹಳ ಸಣ್ಣದು, ಅಂಚು ಹರಿತ, ವೇಗ ವಿಪರೀತ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ. ಚೂರು ಅದನ್ನು ಸೀಳಿ ಒಳಗೆ ಹೋದರೆ ಆ ಗಾಯ ತಾನಾಗಿಯೇ ಮುಚ್ಚಿಕೊಳ್ಳಬಹುದು. ಕಾರ್ನಿಯಾ ತುಂಬ ನರಗಳಿವೆ. ಅದರ ಮೇಲೆ ಒಂದು ಧೂಳಿನ ಕಣ ಕೂತರೂ ಮನುಷ್ಯ ಕಣ್ಣು ಬಿಡಲಾರ. ಆದರೆ ಒಳಗಿನ ಲೋಳೆಯಂಥ ವಿಟ್ರಿಯಸ್‌ನಲ್ಲಾಗಲಿ, ಹಿಂದಿನ ಪರದೆಯಾದ ರೆಟಿನಾದಲ್ಲಾಗಲಿ ನೋವು ತಿಳಿಸುವ ನರಗಳೇ ಇಲ್ಲ. ಹಾಗಾಗಿ ಮೇಲೆ ಕೂತ ಧೂಳು ಕಣ್ಣೀರು ಹಾಕಿಸುತ್ತದೆ, ಒಳಗೆ ಹೊಕ್ಕ ಕಬ್ಬಿಣ ಸುಮ್ಮನಿರುತ್ತದೆ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಈ ಒಂದು ಮಾತು ಓದಿ.

ಒಳಗೆ ಉಳಿದ ಕಬ್ಬಿಣ ನಿಧಾನವಾಗಿ ಕರಗುತ್ತದೆ. ಕರಗಿದ ಕಬ್ಬಿಣ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸುವ ಸ್ನಾಯು, ಕಣ್ಣೊಳಗಿನ ಲೆನ್ಸು, ರೆಟಿನಾ, ಎಲ್ಲದರ ಜೀವಕೋಶಗಳಲ್ಲೂ ಸೇರಿಕೊಂಡು ವಿಷವಾಗುತ್ತದೆ. ಇದಕ್ಕೆ ಸಿಡೆರೋಸಿಸ್ ಎನ್ನುತ್ತಾರೆ. ಪಾಪೆ ದೊಡ್ಡದಾಗಿ ಬೆಳಕಿಗೆ ಸರಿಯಾಗಿ ಕುಗ್ಗದಿರುವುದು, ಕತ್ತಲಲ್ಲಿ ಮಸುಕು, ಲೆನ್ಸಿನ ಮೇಲೆ ಕಂದು ಚುಕ್ಕೆ, ಆಮೇಲೆ ಪೊರೆ, ಕೆಲವರಿಗೆ ಕಣ್ಣಿನ ಒತ್ತಡವೂ ಏರುವುದು ಇದರ ಲಕ್ಷಣಗಳು. ತಿಳಿಬಣ್ಣದ ಕಣ್ಣಿನವರಿಗೆ ಕಣ್ಣಿನ ಬಣ್ಣವೇ ಬದಲಾಗುತ್ತದೆ, ಕಪ್ಪು ಕಣ್ಣಿನವರಲ್ಲಿ ಅದು ಗೊತ್ತಾಗುವುದಿಲ್ಲ. ನಿಮ್ಮ ಮನೆಯವರ ಕಣ್ಣು ಚುರುಕಾಗಿದೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡುತ್ತಾರೆ. ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ, 1 ಮಿಲಿಮೀಟರ್‌ನಷ್ಟು ತೆಳು ಪದರಗಳಲ್ಲಿ. ದಪ್ಪ ಪದರದ ಸ್ಕ್ಯಾನಿನಲ್ಲಿ ಚಿಕ್ಕ ಚೂರು ಎರಡು ಚಿತ್ರಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಇಆರ್‌ಜಿ ಎಂಬ ಇನ್ನೊಂದು ಪರೀಕ್ಷೆ ಇದೆ. ಬೆಳಕು ಮಿಂಚಿಸಿದಾಗ ರೆಟಿನಾ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅದು ಅಳೆಯುತ್ತದೆ. ಕಬ್ಬಿಣ ಎಷ್ಟು ಹಾನಿ ಮಾಡಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಎಂಆರ್‌ಐ ಮಾತ್ರ ಬೇಡವೇ ಬೇಡ. ಅದು ದೊಡ್ಡ ಆಯಸ್ಕಾಂತ. ಒಳಗಿನ ಕಬ್ಬಿಣವನ್ನು ಅಲುಗಾಡಿಸಿ ರೆಟಿನಾ ಹರಿದುಬಿಡಬಹುದು.

ಚೂರು ಇದ್ದರೆ ಆಪರೇಷನ್. ಆಯಸ್ಕಾಂತ ಹಿಡಿದು ಎಳೆದರೆ ಸಾಲದೇ ಎಂದು ನನ್ನ ಹತ್ತಿರ ಬಂದವರೆಲ್ಲ ಕೇಳುತ್ತಾರೆ. ಒಂದು ಕಾಲಕ್ಕೆ ಹಾಗೆಯೇ ಮಾಡುತ್ತಿದ್ದರು. ಬರ್ಲಿನ್‌ನ ಯೂಲಿಯಸ್ ಹಿರ್ಷ್‌ಬರ್ಗ್ 1879ರಲ್ಲಿ ಇದಕ್ಕೆಂದೇ ಕೈಯಲ್ಲಿ ಹಿಡಿಯುವ ವಿದ್ಯುತ್ ಆಯಸ್ಕಾಂತ ಬಳಸಿದ. ಆಮೇಲೆ ಜ್ಯೂರಿಕ್‌ನ ಒಟ್ಟೊ ಹಾಬ್, ರೋಗಿ ಅದರ ಮುಂದೆ ಮುಖವಿಟ್ಟು ಕೂರಬೇಕಾದಂಥ ದೈತ್ಯ ಆಯಸ್ಕಾಂತ ತಂದ. ಕಷ್ಟವೆಂದರೆ, ಹೊರಗಿನಿಂದ ಎಳೆದ ಚೂರು ತನಗೆ ಬೇಕಾದ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೊಯ್ಯುತ್ತದೆ. 1970ರಲ್ಲಿ ಮಯಾಮಿಯ ರಾಬರ್ಟ್ ಮಾಕೆಮರ್, ಕಣ್ಣಿನ ಬಿಳಿಭಾಗದ ಮೂಲಕ ಸಣ್ಣ ಉಪಕರಣ ತೂರಿಸಿ ವಿಟ್ರಿಯಸ್ ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿ ಮಾಡಿ ತೋರಿಸಿದ ಮೇಲೆ ಈ ಕೆಲಸದ ರೀತಿಯೇ ಬದಲಾಯಿತು.

ಈಗ ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಹಿಂದೆ, ಬಿಳಿಭಾಗದಲ್ಲಿ, ಅರ್ಧ ಮಿಲಿಮೀಟರ್ ಆಸುಪಾಸಿನ ಮೂರು ರಂಧ್ರ ಮಾಡುತ್ತೇವೆ. ಒಂದರಿಂದ ಉಪ್ಪುನೀರಿನಂಥ ದ್ರವ ಒಳಗೆ ಹೋಗುತ್ತಿರುತ್ತದೆ, ಇಲ್ಲದಿದ್ದರೆ ಕಣ್ಣು ಕುಗ್ಗಿಬಿಡುತ್ತದೆ. ಇನ್ನೊಂದರಿಂದ ದೀಪ. ಮೂರನೆಯದರಿಂದ ಕತ್ತರಿಸಿ ಹೀರುವ ಕಟರ್. ಚೂರಿನ ಸುತ್ತಲಿನ ವಿಟ್ರಿಯಸ್ಸನ್ನೆಲ್ಲ ಬಿಡಿಸಿ, ಅದನ್ನು ಒಂಟಿ ಮಾಡಿ, ಆಮೇಲೆ ಚಿಮಟದಿಂದಲೋ ಸೂಜಿಯಂಥ ಆಯಸ್ಕಾಂತದಿಂದಲೋ ಹಿಡಿದು ಹೊರಗೆ ತರುತ್ತೇವೆ. ಚೂರು ದೊಡ್ಡದಿದ್ದರೆ ರಂಧ್ರವನ್ನು ಹಿಗ್ಗಿಸಬೇಕು. ನಿಮ್ಮಂಥವರಲ್ಲಿ, ಅಂದರೆ ತಿಂಗಳುಗಳ ಮೇಲೆ ಬಂದವರಲ್ಲಿ, ಚೂರಿನ ಸುತ್ತ ನಾರಿನ ಗೂಡು ಕಟ್ಟಿರುತ್ತದೆ. ಅದನ್ನು ಸೀಳದೆ ಎಳೆಯಲು ಹೋದರೆ ರೆಟಿನಾವೂ ಜೊತೆಗೆ ಬರುತ್ತದೆ. ಈ ಆಪರೇಷನ್ನಿನಲ್ಲಿ ನಾನು ಅತಿ ನಿಧಾನವಾಗುವುದು ಆ ಗೂಡಿನ ಹತ್ತಿರವೇ. ಪಕ್ಕದಲ್ಲಿ ನಿಂತ ಕಿರಿಯರಿಗೆ ಆಗ ಆಕಳಿಕೆ ಬರುತ್ತಿರುತ್ತದೆ.

ಚೂರು ತೆಗೆದ ಮಾತ್ರಕ್ಕೆ ಹೋದ ದೃಷ್ಟಿಯೆಲ್ಲ ಬರುತ್ತದೆ ಎಂದು ಹೇಳಲಾರೆ. ರೆಟಿನಾ ಎಷ್ಟು ಸೋತಿದೆ ಎಂಬುದರ ಮೇಲೆ ಅದು ನಿಂತಿದೆ. ಹಾನಿ ಮುಂದುವರಿಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಬೇಗ ಸಿಕ್ಕಿದರೆ ಸ್ವಲ್ಪ ಸುಧಾರಿಸುವುದೂ ಉಂಟು.

ಪ್ರಶ್ನೆ: ನನ್ನ ತಮ್ಮನ ಕಣ್ಣಿಗೆ ಯಂತ್ರದಿಂದ ಸಿಡಿದ ಕಬ್ಬಿಣದ ತುಂಡು ಹೊಕ್ಕಿತ್ತು. ಮೊದಲ ದಿನ ಹೊಲಿಗೆ ಹಾಕಿದರು. ಕೆಲವು ದಿನ ಬಿಟ್ಟು ಇನ್ನೊಂದು ಆಪರೇಷನ್ ಮಾಡಿ ತುಂಡು ತೆಗೆದು ಎಣ್ಣೆ ತುಂಬಿದ್ದಾರಂತೆ. ಈಗ ಮೂರನೆಯದೂ ಬೇಕು ಎನ್ನುತ್ತಿದ್ದಾರೆ. ಮೊದಲೇ ಎಲ್ಲವನ್ನೂ ಒಟ್ಟಿಗೆ ಮಾಡಬಹುದಿತ್ತಲ್ಲವೇ? ನಮ್ಮನ್ನು ಸುಮ್ಮನೆ ಓಡಾಡಿಸುತ್ತಿದ್ದಾರೆಯೇ?

ಉತ್ತರ: ಅಕ್ಕನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನೀವು ಬರೆದ ಕ್ರಮದಲ್ಲಿ ನನಗೆ ದೋಷ ಕಾಣುತ್ತಿಲ್ಲ.

ಹರಿದ ಕಣ್ಣನ್ನು ಮೊದಲು ಮುಚ್ಚಬೇಕು, ಸಾಧ್ಯವಾದರೆ 24 ಗಂಟೆಯ ಒಳಗೆ. ತಡವಾದಷ್ಟೂ ಕಣ್ಣಿನೊಳಗೆ ಕೀವಾಗುವ ಅಪಾಯ ಹೆಚ್ಚು. ಕಾರ್ನಿಯಾಕ್ಕೆ ಹಾಕುವ ದಾರ 10–0 ನೈಲಾನ್. ಕೂದಲಿಗಿಂತ ತೆಳು, ಬರಿಗಣ್ಣಿಗೆ ಕಂಡೂ ಕಾಣದಂಥದ್ದು. ಇದನ್ನು ಬಹಳ ಸಲ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತೇವೆ. ಕಣ್ಣಿನ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಲು ಹೋದರೆ, ಹಿಂದಿನಿಂದ ಬೀಳುವ ಒತ್ತಡಕ್ಕೆ ಹರಿದ ಕಣ್ಣಿನ ಒಳಗಿನದೆಲ್ಲ ಹೊರಗೆ ನುಗ್ಗಬಹುದು.

ತುಂಡನ್ನು ಅದೇ ಹೊತ್ತಿಗೆ ತೆಗೆಯಬೇಕೇ, ಕೆಲವು ದಿನ ಬಿಟ್ಟು ತೆಗೆಯಬೇಕೇ ಎಂಬ ಬಗ್ಗೆ ನಮ್ಮಲ್ಲೇ ಚರ್ಚೆ ಇದೆ. ಸೋಂಕಿನ ಲಕ್ಷಣ ಕಂಡರೆ ಚರ್ಚೆ ಇಲ್ಲ, ಆಗಲೇ ತೆಗೆಯಬೇಕು. ಮಣ್ಣು ಮೆತ್ತಿದ ಚೂರಾದರೆ ಇನ್ನೂ ಅವಸರ. ಮಣ್ಣಿನಲ್ಲಿರುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಕಣ್ಣನ್ನೇ ಮುಗಿಸಬಲ್ಲದು. ಶುದ್ಧ ತಾಮ್ರದ ಚೂರಿಗೂ ಕಾಯುವಂತಿಲ್ಲ. ಸೋಂಕಿಲ್ಲದೆಯೇ ಅದು ಕಣ್ಣೊಳಗೆ ತೀವ್ರ ಉರಿಯೂತ ಎಬ್ಬಿಸುತ್ತದೆ. ಇವು ಯಾವುವೂ ಇಲ್ಲದೆ, ಕಾರ್ನಿಯಾ ಊದಿಕೊಂಡು ಮಬ್ಬಾಗಿದ್ದು, ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ, ಕುರುಡಾಗಿ ಕೈ ಹಾಕುವುದಕ್ಕಿಂತ ಕೆಲವು ದಿನ ಆ್ಯಂಟಿಬಯೋಟಿಕ್ ಕೊಟ್ಟು ಕಾಯುವುದು ಮೇಲು. ರೆಟಿನಾಕ್ಕೆ ಕೈ ಹಾಕುವ ಸರ್ಜನ್ ಮತ್ತು ಯಂತ್ರ ನಡುರಾತ್ರಿ ಎಲ್ಲ ಕಡೆಯೂ ಇರುವುದಿಲ್ಲ ಎಂಬುದೂ ಒಂದು ಕಾರಣ. ನಿಮ್ಮ ತಮ್ಮನ ವಿಷಯದಲ್ಲಿ ಯಾವುದು ಕಾರಣ ಎಂದು ಅವರ ವೈದ್ಯರನ್ನೇ ಕೇಳಿ. ಹೇಳುವುದು ಅವರ ಕರ್ತವ್ಯ.

ಎಣ್ಣೆ ಎಂದರೆ ಸಿಲಿಕೋನ್ ಎಣ್ಣೆ. ತುಂಡು ತಗುಲಿ ರೆಟಿನಾ ಹರಿದಿದ್ದರೆ ಲೇಸರ್ ಹೊಡೆದು, ಅದು ಅಂಟಿಕೊಳ್ಳುವವರೆಗೆ ಒಳಗಿನಿಂದ ಒತ್ತಿ ಹಿಡಿಯಲು ಇದನ್ನು ತುಂಬುತ್ತೇವೆ. ಇದು ತಾನಾಗಿ ಕರಗದು. ಹಾಗೇ ಬಿಟ್ಟರೆ ಒತ್ತಡ ಏರಬಹುದು, ಲೆನ್ಸ್ ಉಳಿದಿದ್ದರೆ ಪೊರೆ ಬರಬಹುದು. ಅದಕ್ಕೇ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತೆಗೆಯುತ್ತೇವೆ. ಮೂರನೆಯ ಆಪರೇಷನ್ ಅದೇ ಇರಬೇಕು. ಕೆಲವರಿಗೆ ಎಣ್ಣೆಯ ಬದಲು ಅನಿಲ ತುಂಬುತ್ತಾರೆ. ಅದು ಎರಡು ವಾರದಿಂದ ಎರಡು ತಿಂಗಳ ಒಳಗೆ ತಾನೇ ಕರಗುತ್ತದೆ, ಆದರೆ ಅಷ್ಟು ದಿನ ವಿಮಾನ ಹತ್ತುವಂತಿಲ್ಲ. ಮೇಲೆ ಹೋದಂತೆ ಅನಿಲ ಹಿಗ್ಗಿ ಕಣ್ಣಿಗೆ ಹೋಗುವ ರಕ್ತವೇ ನಿಲ್ಲಬಹುದು.

ಒಂದು ಕಹಿ ಮಾತನ್ನೂ ಹೇಳಬೇಕು. ಗಾಯ ಮಾಯುವ ಭರದಲ್ಲಿ ದೇಹ ರೆಟಿನಾದ ಮೇಲೆ ಕಲೆಯಂಥ ತೆಳುಪದರ ಬೆಳೆಸಿ ಅದನ್ನು ಮತ್ತೆ ಸುಕ್ಕಾಗಿಸುವುದುಂಟು. ಪಿವಿಆರ್ ಎನ್ನುತ್ತೇವೆ. ಮೊದಲ ಕೆಲವು ವಾರಗಳಲ್ಲೇ ಇದು ಶುರುವಾಗುತ್ತದೆ. ಚೆನ್ನಾಗಿ ಆದ ಆಪರೇಷನ್ನನ್ನೂ ಇದು ಹಾಳು ಮಾಡುತ್ತದೆ, ಅದಕ್ಕೆ ಸರ್ಜನ್ನನ್ನು ದೂರಿ ಫಲವಿಲ್ಲ. ತಪಾಸಣೆಯ ದಿನ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಗ್ರೈಂಡಿಂಗ್ ಮಾಡುವಾಗ ವಾರಕ್ಕೊಮ್ಮೆಯಾದರೂ ಕಣ್ಣಿಗೆ ಕಿಡಿ ಬೀಳುತ್ತದೆ. ನಮ್ಮಲ್ಲೊಬ್ಬ ಸೂಜಿ ಮೊನೆಯಿಂದ ಕ್ಷಣದಲ್ಲಿ ತೆಗೆಯುತ್ತಾನೆ. ಅವನ ಬಳಿ ಮರಗಟ್ಟಿಸುವ ಡ್ರಾಪ್ಸ್ ಕೂಡ ಇದೆ. ಇದುವರೆಗೆ ಯಾರಿಗೂ ಏನೂ ಆಗಿಲ್ಲ. ಆಸ್ಪತ್ರೆಗೆ ಹೋದರೆ ಅರ್ಧ ದಿನದ ಸಂಬಳ ಹೋಗುತ್ತದೆ.

ಉತ್ತರ: ಪ್ರಶ್ನೆ ಎಲ್ಲಿದೆ? ನನ್ನಿಂದ ಅಪ್ಪಣೆ ಬೇಕಿತ್ತೇನೋ. ಕೊಡುವುದಿಲ್ಲ.

ನಾವು ಮಾಡುವುದೂ ನೋಡಲು ಅದೇ: ಮರಗಟ್ಟಿಸುವ ಡ್ರಾಪ್ಸ್, ಸೂಜಿ, ಒಂದು ನಿಮಿಷ. ವ್ಯತ್ಯಾಸವೆಂದರೆ ಸ್ಲಿಟ್ ಲ್ಯಾಂಪ್. ಆ ಸೂಕ್ಷ್ಮದರ್ಶಕದಲ್ಲಿ ಕಿಡಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಕಾಣುತ್ತದೆ. ನಿಮ್ಮ ಗೆಳೆಯನಿಗೆ ಚುಕ್ಕೆ ಕಾಣುತ್ತದೆ, ಆಳ ಕಾಣುವುದಿಲ್ಲ. ಅರ್ಧ ಮಿಲಿಮೀಟರ್ ದಪ್ಪದ ಪದರದಲ್ಲಿ ಆಳ ತಿಳಿಯದೆ ಸೂಜಿ ಆಡಿಸುವವನ ಕೈ ಒಂದು ದಿನ ಆಚೆ ಹೋಗುತ್ತದೆ. ಸೂಜಿ ಕ್ರಿಮಿಶುದ್ಧವಲ್ಲದಿದ್ದರೆ ಹುಣ್ಣು. ಹುಣ್ಣು ಮಾಯ್ದರೂ ಬಿಳಿ ಕಲೆ. ಅದು ಪಾಪೆಯ ಎದುರಿಗೇ ಬಿದ್ದರೆ ನೋಟಕ್ಕೆ ಶಾಶ್ವತ ಅಡ್ಡಿ.

ಇನ್ನೊಂದು, ಕಬ್ಬಿಣದ ಕಿಡಿ ಕೆಲವೇ ಗಂಟೆಗಳಲ್ಲಿ ತನ್ನ ಸುತ್ತ ತುಕ್ಕಿನ ಉಂಗುರ ಬಿಡುತ್ತದೆ. ಕಿಡಿ ತೆಗೆದರೂ ಉಂಗುರ ಉಳಿದರೆ ಗಾಯ ಮಾಯಲು ತಡ, ಉರಿ ಮರುಕಳಿಸುತ್ತದೆ. ಅದನ್ನು ಬರ್ ಎಂಬ ತಿರುಗುವ ಚಿಕ್ಕ ಉಪಕರಣದಿಂದ ಉಜ್ಜಿ ತೆಗೆಯುತ್ತೇವೆ, ಗಟ್ಟಿಯಾಗಿ ಅಂಟಿದ್ದರೆ ಒಂದೆರಡು ದಿನ ಬಿಟ್ಟು ತೆಗೆಯುತ್ತೇವೆ. ಸಾದಾ ಗಾಯವಾದರೆ ಒಂದರಿಂದ ಮೂರು ದಿನದಲ್ಲಿ ಮಾಯುತ್ತದೆ.

ಆ ಮರಗಟ್ಟಿಸುವ ಡ್ರಾಪ್ಸ್ ಬಾಟಲಿಯನ್ನು ಇವತ್ತೇ ಎಸೆಯಿರಿ. ಪದೇ ಪದೇ ಹಾಕಿದರೆ ಕಾರ್ನಿಯಾದ ಮೇಲ್ಪದರ ಮಾಯುವುದೇ ನಿಲ್ಲುತ್ತದೆ, ಕೊನೆಗೆ ಕರಗಿ ತೂತು ಬೀಳುತ್ತದೆ. ಅಷ್ಟರವರೆಗೂ ಹಿತವಾಗಿಯೇ ಇರುತ್ತದೆ, ಅದೇ ಅದರ ಮೋಸ. ಇನ್ನು ವಾರಕ್ಕೊಮ್ಮೆ ಕಿಡಿ ಬೀಳುತ್ತಿದೆಯೆಂದರೆ ನಿಮ್ಮಲ್ಲಿ ಯಾರೂ ರಕ್ಷಣಾ ಕನ್ನಡಕ ಹಾಕುತ್ತಿಲ್ಲ. ಅರ್ಧ ದಿನದ ಸಂಬಳದ ಲೆಕ್ಕವನ್ನು ಅಲ್ಲಿಂದ ಶುರು ಮಾಡೋಣ.

ಪ್ರಶ್ನೆ: ಐದು ವರ್ಷದ ಮಗಳು ಆಡುವಾಗ ಪೆನ್ಸಿಲ್ ಕಣ್ಣಿಗೆ ತಗುಲಿತು. ನಮ್ಮ ಪುಣ್ಯ, ರೆಪ್ಪೆಗಷ್ಟೇ ಗಾಯ. ಆದರೆ ಆ ಅರ್ಧ ಗಂಟೆ ಏನು ಮಾಡಬೇಕೆಂದೇ ತೋಚಲಿಲ್ಲ. ಒಬ್ಬರು ನೀರು ಹಾಕಿ ಎಂದರು, ಒಬ್ಬರು ಬಟ್ಟೆ ಒತ್ತಿ ಹಿಡಿ ಎಂದರು. ಆಸ್ಪತ್ರೆ ಮುಟ್ಟುವವರೆಗೆ ನಿಜಕ್ಕೂ ಏನು ಮಾಡಬೇಕು?

ಉತ್ತರ: ಧೂಳು, ಮರಳು, ಸುಣ್ಣ, ಸೋಪಿನ ಪುಡಿಯಾದರೆ ನೀರು. ಸುಣ್ಣ, ಸಿಮೆಂಟು, ಆ್ಯಸಿಡ್ ಯಾವುದೇ ಬಿದ್ದರೂ ಬೇರೆ ಯೋಚನೆ ಮಾಡದೆ ಶುದ್ಧ ನೀರು ಧಾರೆಯಾಗಿ ಬಿಡಿ, ಕನಿಷ್ಠ 15 ನಿಮಿಷ, ಆಮೇಲೆ ಆಸ್ಪತ್ರೆ. ಸುಣ್ಣದ ಹರಳು ರೆಪ್ಪೆಯ ಮಡಿಕೆಯಲ್ಲಿ ಕೂತು ಸುಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ರೆಪ್ಪೆ ಮಗುಚಿ ತೆಗೆಯುತ್ತಾರೆ.

ಚೂಪಾದದ್ದು ಚುಚ್ಚಿದ್ದರೆ ನೀರು ಬೇಡ, ಡ್ರಾಪ್ಸ್ ಬೇಡ, ಮುಲಾಮು ಬೇಡ. ಒತ್ತುವುದಂತೂ ಕೂಡದು. ತೂತು ಬಿದ್ದ ನೀರಿನ ಬಲೂನನ್ನು ಹಿಸುಕಿದರೆ ಏನಾಗುತ್ತದೋ ಅದೇ ಆಗುತ್ತದೆ. ಮೇಲೆ ಏನಾದರೂ ನೆಟ್ಟುಕೊಂಡಿದ್ದರೆ ಕೀಳಬೇಡಿ. ಒಳಗಿನದು ಹೊರಬಾರದಂತೆ ಸದ್ಯಕ್ಕೆ ತಡೆದಿರುವುದೇ ಅದು. ಒಂದು ಕಾಗದದ ಲೋಟವನ್ನು ಕಣ್ಣಿನ ಮೇಲೆ ಬೋರಲು ಹಾಕಿ, ಅದರ ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಮಾತ್ರ ಕೂರುವಂತೆ ಟೇಪಿನಿಂದ ಅಂಟಿಸಿ. ಕಣ್ಣನ್ನಾಗಲಿ ರೆಪ್ಪೆಯನ್ನಾಗಲಿ ಏನೂ ಮುಟ್ಟಬಾರದು. ತಲೆ ಎತ್ತಿ ಕೂರಿಸಿ. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು. ವಾಂತಿ ಬಂದರೂ, ಜೋರಾಗಿ ಅತ್ತರೂ ಕಣ್ಣಿನ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ರೆಪ್ಪೆ ಬಿಡಿಸಿ ನೋಡುವ ಜಗಳವನ್ನು ಮನೆಯಲ್ಲಿ ಮಾಡಬೇಡಿ. ಬೇಕಾದರೆ ನಾವೂ ಮಗುವಿಗೆ ಅರಿವಳಿಕೆ ಕೊಟ್ಟೇ ನೋಡುತ್ತೇವೆ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಎಂದು ನೆನಪಿಟ್ಟುಕೊಂಡು ಬನ್ನಿ.

ಪಾಪೆ ದುಂಡಗಿಲ್ಲದೆ ಒಂದು ಕಡೆ ಮೊನೆಯಂತೆ ಎಳೆದುಕೊಂಡಿದ್ದರೆ, ಬಿಳಿಭಾಗದಲ್ಲಿ ಕಪ್ಪಗೆ ಏನೋ ಇಣುಕುತ್ತಿದ್ದರೆ, ಕಣ್ಣೊಳಗೆ ರಕ್ತ ಕಟ್ಟಿದ್ದರೆ, ಅದು ತೂತು ಬಿದ್ದ ಕಣ್ಣು ಎಂದೇ ತಿಳಿದು ನಡೆದುಕೊಳ್ಳಿ. ನಿಮ್ಮ ಮಗಳ ವಿಷಯದಲ್ಲಿ ರೆಪ್ಪೆಗೆ ಮಾತ್ರ ಎಂದು ಯಾರು ಹೇಳಿದರು? ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ನೋಡಿ ಹೇಳಿದ್ದರೆ ನನಗೂ ಸಮಾಧಾನ. ಇಲ್ಲವಾದರೆ ತೋರಿಸಿ. ರೆಪ್ಪೆಯ ಸಣ್ಣ ಗಾಯದ ಹಿಂದೆ ಕಣ್ಣಿನ ಗಾಯ ಅಡಗಿರುವುದುಂಟು.

ಮಕ್ಕಳ ಗಾಯದಲ್ಲಿ ಹೊಲಿಗೆ ಹಾಕಿದಲ್ಲಿಗೆ ಕೆಲಸ ಮುಗಿಯುವುದಿಲ್ಲ ಎಂದು ಉಳಿದ ತಾಯಂದಿರಿಗೂ ಹೇಳಿಬಿಡುತ್ತೇನೆ. ಸುಮಾರು ಏಳೆಂಟು ವರ್ಷದವರೆಗೆ ಮೆದುಳು ನೋಡುವುದನ್ನು ಕಲಿಯುತ್ತಲೇ ಇರುತ್ತದೆ. ಮಸುಕಾದ ಕಣ್ಣನ್ನು ಅದು ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಹಾಗಾಗಿ ಸರಿಯಾದ ಕನ್ನಡಕ, ಗಾಯದ ಕಣ್ಣು ಕೆಲಸ ಮಾಡಲೆಂದು ಒಳ್ಳೆಯ ಕಣ್ಣಿಗೆ ದಿನಕ್ಕೆ ಇಂತಿಷ್ಟು ಹೊತ್ತು ಪಟ್ಟಿ, ಇವೆಲ್ಲ ತಿಂಗಳುಗಟ್ಟಲೆ ನಡೆಯಬೇಕು. ಆಪರೇಷನ್ನಿಗೆ ಓಡಿ ಬಂದವರು ಪಟ್ಟಿ ಕಟ್ಟುವುದರಲ್ಲಿ ಸೋಲುತ್ತಾರೆ.

ಪ್ರಶ್ನೆ: ಕಣ್ಣೊಳಗೆ ಗಾಜಿನ ಚೂರು ಬಿಟ್ಟೇ ಕಳಿಸಿದ ವೈದ್ಯರ ಬಗ್ಗೆ ಕೇಳಿದೆ. ಇದು ಸಾಧ್ಯವೇ, ಅಥವಾ ಬೇಜವಾಬ್ದಾರಿಯೇ? (ನಿವೃತ್ತ ಶಿಕ್ಷಕರು)

ಉತ್ತರ: ಸಾಧ್ಯ ಸರ್. ಗಾಜು ಮತ್ತು ಕೆಲವು ಪ್ಲಾಸ್ಟಿಕ್ಕುಗಳು ಕಣ್ಣಿನೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಚೂರು ಅಲುಗಾಡದೆ, ಯಾವುದಕ್ಕೂ ಚುಚ್ಚದೆ, ಸೋಂಕಿಲ್ಲದೆ ಕೂತಿದ್ದರೆ, ತೆಗೆಯಲು ಹೋಗಿ ಆಗುವ ಹಾನಿ ಹೆಚ್ಚೆನಿಸಿದರೆ, ಬಿಟ್ಟು ಗಮನಿಸುವುದುಂಟು. ಕಬ್ಬಿಣ, ತಾಮ್ರ, ಕಟ್ಟಿಗೆಗೆ ಈ ರಿಯಾಯಿತಿ ಇಲ್ಲ.

ಇತಿಹಾಸ ನಿಮಗೆ ಹಿಡಿಸಬಹುದು. ಎರಡನೇ ಮಹಾಯುದ್ಧದಲ್ಲಿ, 1940ರ ಆಗಸ್ಟ್‌ನಲ್ಲಿ, ಗಾರ್ಡನ್ ಕ್ಲೀವರ್ ಎಂಬ ಬ್ರಿಟಿಷ್ ಪೈಲಟ್‌ನ ಹರಿಕೇನ್ ವಿಮಾನಕ್ಕೆ ಗುಂಡು ಬಿದ್ದು, ಅದರ ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಒಡೆದು ಚೂರುಗಳು ಎರಡೂ ಕಣ್ಣಿಗೆ ಹೊಕ್ಕವು. ಅವನು ಅಂದು ಗಾಗಲ್ ಹಾಕಿರಲಿಲ್ಲ. ಒಂದು ಕಣ್ಣು ಹೋಯಿತು, ಇನ್ನೊಂದನ್ನು ಉಳಿಸಲು ಹಲವು ಆಪರೇಷನ್ನುಗಳಾದವು. ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಸರ್ಜನ್ ಇಂಥ ಪೈಲಟ್‌ಗಳ ಕಣ್ಣು ನೋಡುತ್ತ ಒಂದು ಸಂಗತಿ ಗಮನಿಸಿದ: ಒಳಗೆ ಉಳಿದ ಪರ್ಸ್‌ಪೆಕ್ಸ್ ಚೂರುಗಳಿಗೆ ಕಣ್ಣು ಕೆರಳುತ್ತಿರಲಿಲ್ಲ. 1949ರ ನವೆಂಬರ್ 29ರಂದು ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಾಡಿದ ಲೆನ್ಸನ್ನು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ತೆಗೆದ ಕಣ್ಣಿಗೆ ಇಟ್ಟ. ಆ ಕಾಲದ ದೊಡ್ಡ ದೊಡ್ಡ ವೈದ್ಯರು ಅವನನ್ನು ಬಯ್ದರು. ಕಣ್ಣಿಂದ ಹೊರಗಿನ ವಸ್ತು ತೆಗೆಯುವುದು ನಮ್ಮ ಕೆಲಸ, ಈತ ಒಳಗೆ ಇಡುತ್ತಿದ್ದಾನಲ್ಲ ಎಂದು! ಇವತ್ತು ಪೊರೆ ಆಪರೇಷನ್ ಮಾಡಿಸಿಕೊಂಡ ಹೆಚ್ಚುಕಡಿಮೆ ಪ್ರತಿಯೊಬ್ಬರ ಕಣ್ಣಲ್ಲೂ ಕೃತಕ ಲೆನ್ಸ್ ಇದೆ.

ಪ್ರಶ್ನೆ: ಗಿಡ ಕತ್ತರಿಸುವಾಗ ಕಂಬಳಿಹುಳು ಕಣ್ಣಿಗೆ ತಾಗಿತು. ಕೂದಲು ತೆಗೆದಿದ್ದಾರೆ, ಆದರೂ ಆಗಾಗ ಬರಲು ಹೇಳುತ್ತಾರೆ. ಅಗತ್ಯವೇ?

ಉತ್ತರ: ಅಗತ್ಯ. ಆ ರೋಮಗಳಲ್ಲಿ ಒಮ್ಮುಖದ ಮುಳ್ಳುಗಳಿರುತ್ತವೆ. ಕಣ್ಣು ಉಜ್ಜಿದಂತೆಲ್ಲ ಮುಂದಕ್ಕೇ ಚಲಿಸುತ್ತವೆ, ಹಿಂದಕ್ಕೆ ಬರುವುದಿಲ್ಲ. ಕಾರ್ನಿಯಾ ದಾಟಿ ಒಳಗೆ, ರೆಟಿನಾದವರೆಗೂ ಹೋದದ್ದುಂಟು. ಹಾಗೆ ಹೋದರೆ ಅದಕ್ಕೂ ಆಪರೇಷನ್ ಬೇಕಾಗಬಹುದು. ಉಜ್ಜಬೇಡಿ.

ಗಿಡದ ಕಡ್ಡಿ, ಎಲೆ, ಹುಲ್ಲಿನ ಗರಿ ತಾಗಿದ ಬಗ್ಗೆ ಬರೆದ ಉಳಿದವರಿಗೂ ಇಲ್ಲೇ ಉತ್ತರ: ನಿಮ್ಮ ಶತ್ರು ಶಿಲೀಂಧ್ರ. ಗೀರಿನಲ್ಲಿ ಅದು ನಿಧಾನವಾಗಿ, ಕೆಲವು ದಿನಗಳ ಮೇಲೆ ಬೆಳೆಯುತ್ತದೆ. ಅಂಥ ಕಣ್ಣಿಗೆ ಸ್ಟಿರಾಯ್ಡ್ ಇರುವ ಡ್ರಾಪ್ಸ್ ಬಿದ್ದರೆ ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೊಳಗೆ ಹುಣ್ಣು ಹಬ್ಬುತ್ತದೆ. ಅಂಗಡಿಯವರು ಕೊಡುವ ‘ಕೆಂಪಿಗೆ ಡ್ರಾಪ್ಸ್’ ಹಲವು ಸಲ ಇದೇ ಆಗಿರುತ್ತದೆ.

ಪ್ರಶ್ನೆ: ಪವರ್ ಕನ್ನಡಕ ಹಾಕುತ್ತೇನೆ. ಬೇರೆ ರಕ್ಷಣಾ ಕನ್ನಡಕ ಬೇಕೇ?

ಉತ್ತರ: ಬೇಕು. ಪಕ್ಕದಿಂದ ಬರುವುದನ್ನು ಅದು ತಡೆಯುವುದಿಲ್ಲ. ಗಾಜಿನ ಲೆನ್ಸಾದರೆ ಅದೇ ಒಡೆದು ಕಣ್ಣಿಗೆ ಹೋಗುತ್ತದೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ, ಪಕ್ಕಕ್ಕೂ ಮರೆ ಇರುವ ರಕ್ಷಣಾ ಕನ್ನಡಕವನ್ನು ಪವರ್ ಕನ್ನಡಕದ ಮೇಲೆಯೇ ಹಾಕುವಂಥದ್ದು ಸಿಗುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಗೂ ಒಂದು ಕೊಡಿ; ಸುತ್ತಿಗೆ ಹಿಡಿದವರಿಗಷ್ಟೇ ಅಲ್ಲ, ಅವರ ಎದುರು ಮೊಳೆ ಹಿಡಿದು ಕೂತವರಿಗೂ ಚೂರು ಹೊಕ್ಕದ್ದನ್ನು ನೋಡಿದ್ದೇನೆ.

ಪ್ರಶ್ನೆ: ಗಾಯವಾದ ಎಡಗಣ್ಣಿನಲ್ಲಿ ಈಗ ಬೆಳಕೂ ಗೊತ್ತಾಗುವುದಿಲ್ಲ. ಅದನ್ನು ಬಿಟ್ಟರೆ ಒಳ್ಳೆಯ ಕಣ್ಣೂ ಹೋಗುತ್ತದೆ, ತೆಗೆಸಿಬಿಡು ಎಂದು ಸಂಬಂಧಿಕರು ಹೆದರಿಸುತ್ತಿದ್ದಾರೆ.

ಉತ್ತರ: ಸಂಬಂಧಿಕರು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ.

ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂಬುದೊಂದಿದೆ. ಕಣ್ಣಿನ ಒಳಗಿನ ಅಂಗಾಂಶಗಳು ದೇಹದ ರಕ್ಷಣಾ ವ್ಯವಸ್ಥೆಗೆ ಸಾಮಾನ್ಯವಾಗಿ ಮರೆಯಾಗಿರುತ್ತವೆ. ಕಣ್ಣು ಹರಿದಾಗ ಅವು ಬಯಲಾಗುತ್ತವೆ. ದೇಹ ಅವನ್ನು ಪರಕೀಯವೆಂದು ತಿಳಿದು ದಾಳಿಗಿಳಿಯುತ್ತದೆ. ಆ ದಾಳಿಗೆ ಎಡಗಣ್ಣು ಬಲಗಣ್ಣು ಎಂಬ ಭೇದವಿಲ್ಲ. ಬ್ರೈಲ್ ಲಿಪಿ ಮಾಡಿದ ಲೂಯಿ ಬ್ರೈಲ್ ಮೂರು ವರ್ಷದವನಾಗಿದ್ದಾಗ, 1812ರಲ್ಲಿ, ಕುದುರೆಯ ಜೀನು ಮಾಡುವ ಅಪ್ಪನ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ದಬ್ಬಳ ಒಂದು ಕಣ್ಣಿಗೆ ಚುಚ್ಚಿಕೊಂಡ. ಐದು ವರ್ಷವಾಗುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು. ಕಾರಣ ಇದೇ ಇರಬಹುದೆಂದು ವೈದ್ಯರ ಊಹೆ.

ಆದರೆ ಇದು ಅಪರೂಪ. ಕಣ್ಣು ಹರಿದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಬಂದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಬರುತ್ತದೆ, ಅಪರೂಪಕ್ಕೆ ಬಹಳ ವರ್ಷಗಳ ಮೇಲೂ. ಇವತ್ತು ಸ್ಟಿರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ಔಷಧಗಳಿವೆ. ಬೇಗ ಹಿಡಿದರೆ ಒಳ್ಳೆಯ ಕಣ್ಣನ್ನು ಬಹುಮಟ್ಟಿಗೆ ಉಳಿಸಬಹುದು. ಹಿಂದೆ ಎರಡು ವಾರದ ಒಳಗೆ ಗಾಯದ ಕಣ್ಣು ತೆಗೆದುಬಿಡಿ ಎಂದು ಕಲಿಸುತ್ತಿದ್ದರು. ಈಗ ಹೊಲಿಯಲು ಸಾಧ್ಯವಿರುವ ಕಣ್ಣನ್ನು ಈ ಹೆದರಿಕೆಯೊಂದಕ್ಕೇ ತೆಗೆಯಲು ನಾನು ಒಪ್ಪುವುದಿಲ್ಲ. ಬೆಳಕೇ ಇಲ್ಲದ ಕಣ್ಣು ನೋಯುತ್ತಿದ್ದರೆ, ಕುಗ್ಗಿ ವಿಕಾರವಾಗಿದ್ದರೆ, ತೆಗೆಸಿ ಕೃತಕ ಕಣ್ಣು ಹಾಕಿಸಿಕೊಳ್ಳುವುದು ಬೇರೆ ಮಾತು. ಅದು ನಿಮ್ಮ ನೆಮ್ಮದಿಗೆ. ಆ ತೀರ್ಮಾನ ನಿಮ್ಮದಾಗಿರಲಿ, ಸಂಬಂಧಿಕರದ್ದಲ್ಲ. ಒಳ್ಳೆಯ ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಹತ್ತಿರದ್ದು ಓದಲು ಹೊಸದಾಗಿ ತೊಡಕಾದರೆ, ಅದೇ ದಿನ ತೋರಿಸಿ. ಹೋದಾಗ ‘ಇನ್ನೊಂದು ಕಣ್ಣಿಗೆ ಹಿಂದೆ ಗಾಯವಾಗಿತ್ತು’ ಎಂದು ಮೊದಲು ಹೇಳಿ.

ಪ್ರಶ್ನೆ: ಮೊಣಕಾಲಿಗೆ ಎಂಆರ್‌ಐ ಬರೆದಿದ್ದಾರೆ. ವರ್ಷಗಳ ಹಿಂದೆ ಲೇತ್ ಕೆಲಸದಲ್ಲಿದ್ದಾಗ ಕಣ್ಣಿಗೆ ಲೋಹದ ಪುಡಿ ಬೀಳುತ್ತಿತ್ತು, ಕೆಲವು ಸಲ ಡಾಕ್ಟರು ತೆಗೆದಿದ್ದಾರೆ. ಮೊಣಕಾಲಿಗೂ ಕಣ್ಣಿಗೂ ಏನು ಸಂಬಂಧ ಎಂದು ಮಗ ನಗುತ್ತಾನೆ.

ಉತ್ತರ: ಸ್ಕ್ಯಾನ್ ಮೊಣಕಾಲಿಗೇ ಇರಬಹುದು, ಆಯಸ್ಕಾಂತದ ಕೋಣೆಗೆ ನೀವು ಕಣ್ಣನ್ನೂ ತೆಗೆದುಕೊಂಡು ಹೋಗುತ್ತೀರಿ. ಮೊದಲು ತುಂಬಿಸುವ ಫಾರಂನಲ್ಲಿ ಕಣ್ಣಿಗೆ ಎಂದಾದರೂ ಲೋಹ ಬಿದ್ದಿತ್ತೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ‘ಹೌದು’ ಎಂದು ಗುರುತು ಹಾಕಿ, ಬಾಯಲ್ಲೂ ಹೇಳಿ. ಕಣ್ಣುಗಳ ಎಕ್ಸ್‌ರೇ ತೆಗೆದು, ಸಂಶಯ ಬಂದರೆ ಸಿಟಿ ಮಾಡಿ ನೋಡುತ್ತಾರೆ. ಏನೂ ಇಲ್ಲವೆಂದಾದರೆ ನಿಶ್ಚಿಂತೆಯಿಂದ ಎಂಆರ್‌ಐ ಮಾಡಿಸಿಕೊಳ್ಳಿ. ಮೊಣಕಾಲಿನ ಬಗ್ಗೆಯೇ ನೀವು ಕೇಳಿದ ಉಳಿದ ಮೂರು ಪ್ರಶ್ನೆಗಳನ್ನು ಪಕ್ಕದ ಪುಟದ ಮೂಳೆ ವೈದ್ಯರಿಗೆ ದಾಟಿಸಿದ್ದೇನೆ.